ಮೊದಲ ಕಾರು ಕಿಟ್, ಬಾಡಿಯ ಬಣ್ಣ ಬಿರುಕು ಬಿಟ್ಟಿದೆ: ಮುಂದೇನು ಮಾಡಲಿ?

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಜಪಾನಿನಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗ ಮಾಡೆಲ್ ಕಿಟ್ ಮಾಡುವ ತಮಿಯಾ ಕಂಪನಿಯವರ 1/24 ಅಳತೆಯ (ನಿಜ ಕಾರಿನ ಇಪ್ಪತ್ನಾಲ್ಕನೇ ಒಂದು ಪಾಲು) ಮರ್ಸಿಡಿಸ್ ಬೆಂಜ್ 300 ಎಸ್ಎಲ್ ಕಿಟ್ ತಂದುಕೊಟ್ಟ. ಬಾಗಿಲು ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ಏಳುತ್ತದಲ್ಲ, ಅದೇ ಕಾರು. ನನಗಿದು ಮೊದಲ ಪ್ಲಾಸ್ಟಿಕ್ ಮಾಡೆಲ್. ಆಸೆ ತಡೆಯಲಾಗದೆ ಮೊದಲು ಬಾಡಿಗೇ ಕೈ ಹಾಕಿದೆ. ಅಂಗಡಿಯಲ್ಲಿ ಸಿಕ್ಕ ಕಾರಿನ ಸಿಲ್ವರ್ ಪೇಂಟಿಗೆ ಗ್ಯಾರೇಜಿನವರು ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಬೆರೆಸಿ, ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್‌ನಲ್ಲಿ ಹೊಡೆದೆ. ಬೆಳಿಗ್ಗೆ ಎದ್ದು ನೋಡಿದರೆ ಬಾನೆಟ್ ತುಂಬಾ ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು. ಈ ಬಾಡಿ ಉಳಿಯುತ್ತದೆಯೇ? ಎಂಜಿನ್ನಿಗೆ ವೈರು, ಪೈಪು ಅಂತೆಲ್ಲ ಡೀಟೇಲಿಂಗ್ ಮಾಡುವ ಆಸೆಯಿದೆ, ಹೊಸಬನಾದ ನಾನು ಎಷ್ಟರವರೆಗೆ ಹೋಗಬಹುದು? ಕಿಟಕಿ ಸುತ್ತಲಿನ ಕ್ರೋಮ್ ಗೆರೆಗಳನ್ನು ನೀವೆಲ್ಲ ಹೇಗೆ ಮಾಡುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮಂಗಳೂರಿನಿಂದ

ಬಿರುಕಿನ ವಿಷಯ ತಿಳಿದವರು ಹೇಳುತ್ತಾರೆ. ನಾನು ಒಂದೇ ಮಾತು ಸೇರಿಸುತ್ತೇನೆ. ಮತ್ತೆ ಬಣ್ಣ ಹೊಡೆಯುವಾಗ ಮಳೆ ಬರುವ ದಿನ ಬೇಡ. ಥಿನ್ನರ್ ಆರುವಾಗ ಬಾಡಿಯ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ನೀರಿನ ಪಸೆ ಅದರ ಮೇಲೆ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಬಾಡಿ ಮುಟ್ಟುವುದೇ ಇಲ್ಲ. ಆ ನಾಲ್ಕು ತಿಂಗಳು ಎಂಜಿನ್, ಸೀಟು, ಚಕ್ರದ ಕೆಲಸ. ನಿಮ್ಮ ದಾವಣಗೆರೆಯ ಒಣ ಹವೆ ಈ ಕೆಲಸಕ್ಕೆ ಒಂದು ವರ.

ಬೆಂಗಳೂರಿನಿಂದ

ಸರ್, ಬಾಡಿ ಉಳಿಯುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಎರಡನೆಯ ಕಿಟ್‌ನಲ್ಲಿ ಇದೇ ಆದಾಗ ನಾನು ಬಾಡಿಯನ್ನು ಕಸಕ್ಕೆ ಹಾಕಿದ್ದೆ. ಆ ಸಂಕಟ ಇನ್ನೂ ಇದೆ.

ಆದದ್ದು ಇಷ್ಟು. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಎನ್‌ಸಿ ಥಿನ್ನರ್ ಅದನ್ನು ಕರಗಿಸುತ್ತದೆ. ಗ್ಯಾರೇಜಿನಲ್ಲಿ ಅದೇ ಪೇಂಟು ಲೋಹದ ಮೇಲೆ ಕೂರುತ್ತದೆ, ಹಾಗಾಗಿ ಅಲ್ಲಿ ತೊಂದರೆಯಿಲ್ಲ. ನಿಮ್ಮಲ್ಲಿ ಬಿರುಕು ಬಿಟ್ಟದ್ದು ಬಣ್ಣ ಮಾತ್ರವಲ್ಲ, ಅದರ ಕೆಳಗಿನ ಪ್ಲಾಸ್ಟಿಕ್ಕೂ ಹೌದು. ಆದ್ದರಿಂದ ಬಣ್ಣ ತೆಗೆದರೂ ಬಿರುಕಿನ ಗುರುತು ಅಲ್ಲೇ ಇರುತ್ತದೆ, ನೋಡಿ ಗಾಬರಿಯಾಗಬೇಡಿ.

ಕೆಮಿಕಲ್ ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಬಾಡಿ ಮುಳುಗುವಂಥ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ನೆನೆಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಂದು ರಾತ್ರಿ. ಆಮೇಲೆ 600ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನಯ), ನಂತರ 1000, ನೀರು ಹಾಕುತ್ತಾ ಬಿರುಕು ಮಾಯವಾಗುವವರೆಗೆ ಉಜ್ಜಬೇಕು. ಪೇಪರನ್ನು ಬರಿ ಬೆರಳಿನಿಂದ ಒತ್ತಬೇಡಿ, ಹಳ್ಳ ಬೀಳುತ್ತದೆ. ಹಳೆಯ ಹವಾಯಿ ಚಪ್ಪಲಿಯಿಂದ ಒಂದು ಚೂರು ಕತ್ತರಿಸಿ ಅದಕ್ಕೆ ಸುತ್ತಿಕೊಳ್ಳಿ. 300 ಎಸ್ಎಲ್‌ನ ಚಕ್ರಗಳ ಮೇಲೆ ಹುಬ್ಬಿನ ಹಾಗೆ ಉದ್ದಕ್ಕೆ ಎದ್ದ ಅಂಚುಗಳಿವೆಯಲ್ಲ, ಅಲ್ಲಿ ಕೈ ಬಹಳ ಹಗುರವಾಗಿರಲಿ. ಆ ಹುಬ್ಬು ಸವೆದರೆ ಕಾರಿನ ಮುಖವೇ ಬದಲಾಗುತ್ತದೆ. ಬಾಡಿಯ ಮೂಲೆಗಳ ಮೇಲೆ ಅಚ್ಚಿನ ಭಾಗಗಳು ಕೂಡಿದ ಕಡೆ ಕೂದಲೆಳೆಯಂಥ ಉಬ್ಬು ಗೆರೆಗಳು ಕಂಡರೆ ಅವನ್ನೂ ಈಗಲೇ ಉಜ್ಜಿಬಿಡಿ. ಬಣ್ಣ ಬಿದ್ದ ಮೇಲೆ ಅವು ಎದ್ದು ಕಾಣುತ್ತವೆ. ಕೊನೆಗೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಿ. ಅಲ್ಲಿಂದ ಮುಂದೆ ಬೆರಳ ಜಿಡ್ಡು ತಾಗಬಾರದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕಾರು ಮಾಡೆಲ್ ಆಟಿಕೆಯ ಹಾಗೆ ಕಾಣುವುದು ಡೀಟೇಲ್ ಕಡಿಮೆಯಾದ್ದರಿಂದ ಅಲ್ಲ, ಎಲ್ಲವೂ ದಪ್ಪವಾಗಿರುವುದರಿಂದ. ಏನನ್ನೇ ಅಂಟಿಸುವ, ಬಳಿಯುವ ಮೊದಲು ಅದರ ದಪ್ಪವನ್ನು 24ರಿಂದ ಗುಣಿಸಿ ನೋಡಿ. ಬಣ್ಣ, ಅದರ ಮೇಲೆ ಹೊಡೆಯುವ ಬಣ್ಣವಿಲ್ಲದ ಹೊಳಪಿನ ಕೋಟು ಕ್ಲಿಯರ್, ಎಲ್ಲ ಸೇರಿ 0.1 ಮಿಲಿಮೀಟರ್ ಆದರೆ ನಿಜವಾದ ಕಾರಿನ ಮೇಲೆ 2.4 ಮಿಲಿಮೀಟರ್ ಬಣ್ಣ ಬಳಿದ ಹಾಗೆ. ಅಂಥ ಕಾರನ್ನು ಯಾರೂ ನೋಡಿಲ್ಲ, ಅದಕ್ಕೇ ಕಣ್ಣು ಒಪ್ಪುವುದಿಲ್ಲ. ನಿಜವಾದ ಬಾಗಿಲಿನ ಸಂದು ನಾಲ್ಕೈದು ಮಿಲಿಮೀಟರ್ ಇರುತ್ತದೆ, ನಮ್ಮ ಅಳತೆಯಲ್ಲಿ 0.2. ಎರಡು ಕೋಟು ಹೆಚ್ಚಾದರೆ ಆ ಸಂದು ಮುಚ್ಚಿಯೇ ಹೋಗುತ್ತದೆ. ಅದಕ್ಕೆ ಪ್ರೈಮರ್‌ಗೆ, ಅಂದರೆ ಬಣ್ಣದ ಕೆಳಗಿನ ತಳದ ಕೋಟಿಗೆ, ಮೊದಲು ಬಾಡಿಯ ಮೇಲೆ ಅಚ್ಚಾದ ಸಂದಿನ ಗೆರೆಗಳನ್ನೆಲ್ಲ ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಎಳೆದು ಆಳ ಮಾಡಿಕೊಳ್ಳಿ. ಒಂದೇ ಗೆರೆಯನ್ನು ಆರೇಳು ಸಲ, ಒತ್ತಡವಿಲ್ಲದೆ.

ಪ್ರೈಮರ್ ಮಾಡೆಲ್‌ಗೆಂದೇ ಮಾಡಿದ ಬೂದು ಬಣ್ಣದ್ದಿರಲಿ. ಸ್ಪ್ರೇ ಕ್ಯಾನ್ ಆದರೆ ಕೈಗೆ ಹಾಯೆನಿಸುವಷ್ಟು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ, ಅದಕ್ಕಿಂತ ಬಿಸಿ ಖಂಡಿತ ಬೇಡ. ಮೊದಲ ಕೋಟು ಇಬ್ಬನಿ ಬಿದ್ದ ಹಾಗಿರಬೇಕು, ಕೆಳಗಿನ ಪ್ಲಾಸ್ಟಿಕ್ ಕಾಣುತ್ತಲೇ ಇರಲಿ. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಬಾಡಿ ಒಂದೇ ಬಣ್ಣಕ್ಕೆ ಬಂದರೆ ಸಾಕು.

ನೀವು ಆರಿಸಿದ ಸಿಲ್ವರ್ ಈ ಕಾರಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಕಷ್ಟದ ಬಣ್ಣ. ನಿಜ ಕಾರಿನ ಮೆಟಾಲಿಕ್ ಪೇಂಟಿನ ಮಿನುಗು ಪುಡಿ ನಮ್ಮ ಅಳತೆಗೆ ದೊಡ್ಡದು, ಹತ್ತಿರದಿಂದ ನೋಡಿದರೆ ಬಾಡಿಗೆ ಮರಳು ಉದುರಿಸಿದ ಹಾಗೆ ಕಾಣುತ್ತದೆ. ಆ ಡಬ್ಬಿ ಪಕ್ಕಕ್ಕಿಟ್ಟು ಮಾಡೆಲ್ ಪೇಂಟೇ ತೆಗೆದುಕೊಳ್ಳಿ. ಇನ್ನೊಂದು, ಸಿಲ್ವರ್ ಕೋಟನ್ನು ಉಜ್ಜಲೇಬಾರದು, ಉಜ್ಜಿದ ಜಾಗ ಕಪ್ಪಾಗಿ ಕಲೆಯಾಗಿ ನಿಲ್ಲುತ್ತದೆ. ಅದರ ಮೇಲೆ ಕ್ಲಿಯರ್ ಹೊಡೆದು, ಪೂರ್ತಿ ಒಣಗಿದ ಮೇಲೆ ಕ್ಲಿಯರನ್ನು ಮಾತ್ರ 2000, 3000ರ ಪೇಪರಿನಿಂದ ಸಮ ಮಾಡಿ ಕಾಂಪೌಂಡ್ (ಪಾಲಿಶ್ ಮಾಡುವ ಪೇಸ್ಟ್) ಹಾಕಿ ಹೊಳಪು ತರಬೇಕು. ಅಂಚುಗಳನ್ನು ಮುಟ್ಟಬೇಡಿ. ಕ್ಲಿಯರ್ ಅಂಚಿನಲ್ಲೇ ತೆಳುವಾಗಿರುವುದು, ಅಲ್ಲಿಂದಲೇ ಹರಿದುಹೋಗುವುದು.

ಮೂಗಿಗೆ ಕಟ್ಟುವುದರ ಬಗ್ಗೆ: ಎನ್‌95 ಮಾಸ್ಕ್ ಧೂಳು ತಡೆಯುತ್ತದೆ, ಥಿನ್ನರ್ ಆವಿಯನ್ನಲ್ಲ. ಆವಿ ಹೀರುವ ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ಬೇಕು. ಟೆರೇಸಿನಲ್ಲಿ ಹೊಡೆಯಿರಿ. ಒಳಗೆ ಹೊಡೆಯುವುದೇ ಆದರೆ ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಆರಿರಲಿ, ದೇವರ ಮುಂದೆ ದೀಪ ಉರಿಯುವ ಹೊತ್ತು ಬೇಡವೇ ಬೇಡ. ಹೊಡೆದ ಕೂಡಲೇ ಬಾಡಿಯ ಮೇಲೆ ದೊಡ್ಡ ಪ್ಲಾಸ್ಟಿಕ್ ಡಬ್ಬ ಕವುಚಿ ಹಾಕಿ, ಧೂಳು ಕೂರುವುದಿಲ್ಲ.

ಎಂಜಿನ್‌ಗೆ ಬರೋಣ. ಇದು ಮಾಮೂಲಿ ಎಂಜಿನ್ ಅಲ್ಲ. 2996 ಸಿಸಿ, ಆರು ಸಿಲಿಂಡರ್, 1954ರಲ್ಲೇ ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಕ್ಕೆ ಚಿಮ್ಮಿಸುತ್ತಿದ್ದದ್ದು. ಬಾನೆಟ್ ತಗ್ಗಾಗಿರಲೆಂದು ಇಡೀ ಎಂಜಿನ್ನನ್ನು ಎಡಕ್ಕೆ 50 ಡಿಗ್ರಿ ಮಲಗಿಸಿದ್ದಾರೆ. ಪೇಟೆಯಲ್ಲಿ ಸಿಗುವ ತೆಳು ಎಲೆಕ್ಟ್ರಾನಿಕ್ಸ್ ವೈರೂ ಪ್ಲಾಸ್ಟಿಕ್ ಹೊದಿಕೆ ಸೇರಿ ಅರ್ಧ ಮಿಲಿಮೀಟರ್ ಇರುತ್ತದೆ. 24ರಿಂದ ಗುಣಿಸಿದರೆ 12 ಮಿಲಿಮೀಟರ್, ತೋಟಕ್ಕೆ ನೀರು ಬಿಡುವ ಪೈಪಿನ ಹಾಗೆ ಕಾಣುತ್ತದೆ. ಪ್ಲಗ್ ವೈರು ಸಾಮಾನ್ಯವಾಗಿ 7 ಮಿಲಿಮೀಟರ್, ಅಂದರೆ ನಮಗೆ ಬೇಕಾದದ್ದು 0.3. ಇದನ್ನು ಹುಡುಕಿ ನಾನು ಬಹಳ ಅಲೆದೆ. ಕೊನೆಗೆ ಸಿಕ್ಕಿದ್ದು ನಮ್ಮ ಬೀದಿಯ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ. ಅಲ್ಲಿ 31 ಗೇಜಿನ ತಾಮ್ರದ ತಂತಿ ಕೇಳಿ, ಅದು ಹೆಚ್ಚುಕಡಿಮೆ 0.3. ಬ್ರೇಕ್ ಪೈಪಿಗೆ 36 ಗೇಜ್, ಅದು 0.19. ಮಾರುದ್ದದ ಚೂರಿಗೆ ನನ್ನಿಂದ ಅವರು ಕಾಸೇ ತೆಗೆದುಕೊಳ್ಳಲಿಲ್ಲ. ತಂತಿಯನ್ನು ಬೆಂಕಿಯ ಮೇಲೆ ಒಮ್ಮೆ ಆಡಿಸಿದರೆ ಮೆತ್ತಗಾಗಿ ಹೇಳಿದ ಹಾಗೆ ಬಾಗುತ್ತದೆ. ಸಣ್ಣ ರಂಧ್ರ ಕೊರೆಯುವ ಪಿನ್ ವೈಸ್, ಒಳ್ಳೆಯ ಚಿಮಟ, ಸೂಜಿಯಂಥ ಅರಗಳು ಬೇಕೆಂದರೆ ಅಕ್ಕಸಾಲಿಗರಿಗೆ ಸಲಕರಣೆ ಮಾರುವ ಅಂಗಡಿಗೆ ಹೋಗಿ.

ಆದರೆ ಮೊದಲ ಕಿಟ್‌ಗೆ ಪ್ಲಗ್ ವೈರು ಆರು, ಅಷ್ಟರಲ್ಲಿ ನಿಲ್ಲಿಸಿ ಎನ್ನುತ್ತೇನೆ. ನಾನು ಇಂಧನದ ಕೊಳವೆಗಳನ್ನೂ ಹಾಕಲು ಹೋಗಿ ಎರಡು ತಿಂಗಳು ಕಳೆದೆ. ಬಾನೆಟ್ ಮುಚ್ಚಿದ ಮೇಲೆ ಅವು ನನಗೂ ಕಾಣುವುದಿಲ್ಲ.

ಕ್ರೋಮ್ ಗೆರೆಗೆ ಮಾಡೆಲ್‌ನವರು ಬಳಸುವ, ಹಿಂಬದಿಯಲ್ಲಿ ಅಂಟು ಇರುವ ಬೇರ್ ಮೆಟಲ್ ಫಾಯಿಲ್ ಎಂಬ ತೆಳು ಲೋಹದ ಹಾಳೆ ಉತ್ತಮ. ಅಡುಗೆಮನೆಯ ಫಾಯಿಲ್ ಬಿರುಸು, ತಿರುವುಗಳಲ್ಲಿ ಕೂರುವುದಿಲ್ಲ. ಬೇಕಾದದ್ದಕ್ಕಿಂತ ಅಗಲವಾಗಿ ಕತ್ತರಿಸಿ, ಗೆರೆಯ ಮೇಲೆ ಹಾಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ನಡುವಿನಿಂದ ಹೊರಕ್ಕೆ ಸವರುತ್ತಾ ಹೋಗಿ. ಕೆಳಗಿನ ಪ್ಲಾಸ್ಟಿಕ್ಕಿನ ಅಂಚು ಫಾಯಿಲ್ ಮೇಲೆ ಮೂಡಿ ಬಂದ ಮೇಲೆ ಹೊಚ್ಚ ಹೊಸ ಬ್ಲೇಡಿನಿಂದ ಆ ಅಂಚಿನ ಗುಂಟ ಎಳೆದು ಹೆಚ್ಚಿನದನ್ನು ಸುಲಿಯಿರಿ. ಬ್ಲೇಡು ತನ್ನ ತೂಕದಲ್ಲೇ ಕತ್ತರಿಸಬೇಕು. ಒತ್ತಿದರೆ ಬಣ್ಣ ಸೀಳುತ್ತದೆ. ಬ್ಲೇಡಿನ ತುದಿ ಸ್ವಲ್ಪ ಮೊಂಡಾದರೂ ಫಾಯಿಲ್ ಹರಿದು ಮುದ್ದೆಯಾಗುತ್ತದೆ, ಹಾಗಾಗಿ ಪ್ರತಿ ಕಿಟಕಿಗೂ ಹೊಸ ತುದಿ. ಕ್ರೋಮ್ ಪೆನ್ನೂ ಸಿಗುತ್ತದೆ, ಗುಂಡಿ, ಹಿಡಿಕೆಗಳಿಗೆ ಚೆನ್ನ, ಉದ್ದ ಗೆರೆಗೆ ನನಗೆ ಒಗ್ಗಲಿಲ್ಲ.

ಗಾಜು ಅಂಟಿಸಲು ಸೂಪರ್ ಗ್ಲೂ ಮುಟ್ಟಬೇಡಿ, ಅದರ ಆವಿ ಗಾಜಿನ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ. ಮಕ್ಕಳು ಶಾಲೆಯಲ್ಲಿ ಬಳಸುವ ಬಿಳಿ ಗೋಂದು ಸಾಕು. ಬಾಡಿಯ ಸಂದುಗಳು ಎದ್ದು ಕಾಣಲೆಂದು ಅವುಗಳೊಳಕ್ಕೆ ಕಪ್ಪು ಬಣ್ಣ ಹರಿಸಬೇಡಿ, ಬೆಳ್ಳಿ ಬಣ್ಣದ ಕಾರಿಗೆ ಕಡು ಬೂದೇ ಒಪ್ಪುತ್ತದೆ.

ಸ್ಟುಟ್‌ಗಾರ್ಟ್‌ನಿಂದ

ಸರ, ನಾನು ಹುಬ್ಬಳ್ಳಿಯವ, ಕೆಲಸದ ಸಲುವಾಗಿ ಈಗ ಈ ಊರಾಗ ಇದ್ದೇನ್ರಿ. ಈ ಕಾರಿನ ತವರುಮನಿ ಇದೇ ಅಲ್ಲೇನ್ರಿ. ಬೆಂಜ್‌ನವರ ಮ್ಯೂಸಿಯಂನಾಗ 300 ಎಸ್ಎಲ್ ಮುಂದ ಎಷ್ಟೋ ಹೊತ್ತು ನಿಂತೇನಿ. ಬೆಂಗಳೂರಿನವರು ದಪ್ಪದ ಮಾತು ಹೇಳಿದ್ದು ಖರೇ ಐತಿ. ನಾನು ಒಂದು ಬ್ಯಾರೆ ಮಾತು ಹೇಳ್ತೇನಿ. ಬಾಗಿಲ ತೆರೆದಿಡ್ರಿ, ಬಾನೆಟ್ ಮುಚ್ಚಿಡ್ರಿ.

ಯಾಕಂದ್ರ ಈ ಕಾರಿನ ಕಥಿ ಎಲ್ಲಾ ಬಾಗಿಲದಾಗ ಐತ್ರಿ. 1952ರ ರೇಸ್ ಕಾರಿನಿಂದ ಹುಟ್ಟಿದ್ದಿದು. ಮೈಯೊಳಗ ಸಣ್ಣ ಉಕ್ಕಿನ ಕೊಳವಿ ಬೆಸೆದು ಮಾಡಿದ ಹಂದರ ಐತಿ, ಅದು ಬಾಗಿಲಿನ ಜಾಗಾದಾಗ ಭಾಳ ಎತ್ತರ ಬರ್ತದ. ಮಾಮೂಲಿ ಬಾಗಿಲ ಇಡಾಕ ಬರೂದಿಲ್ಲ, ಅದಕ್ಕ ಮ್ಯಾಲ ಛತ್ತಿಗೆ ತಿರುಗಣಿ ಹಾಕ್ಯಾರ. ಹೊಸ್ತಿಲು ಎಷ್ಟು ಅಗಲ ಅಂದ್ರ, ದಾಟಿ ಒಳಗ ಕುಂದರಾಕ ಸ್ಟೀರಿಂಗ್ ಚಕ್ರಾನೇ ಕೆಳಗ ಮಡಚಬೇಕು. ಬಾಗಿಲ ತೆರೆದ ಮಾಡೆಲ್‌ನಾಗ ನೋಡಾವರ ಕಣ್ಣು ಮೊದಲು ಬೀಳೂದು ಆ ಹೊಸ್ತಿಲ ಮ್ಯಾಲ, ಆಮ್ಯಾಲ ಸೀಟಿನ ಮ್ಯಾಲ. ನಿಮ್ಮ ಶ್ರಮಾ ಅಲ್ಲಿ ಹಾಕ್ರಿ. ಸೀಟಿಗೆ ಚರ್ಮ ಅಷ್ಟ ಅಲ್ಲ, ಚೌಕಳಿ ಬಟ್ಟೀನೂ ಬರ್ತಿತ್ತು. ನಾನು ಆ ಚೌಕಳಿ ಟಿಶ್ಯೂ ಕಾಗದದ ಮ್ಯಾಲ ಪ್ರಿಂಟ್ ಮಾಡಿ, ಬಿಳಿ ಗೋಂದು ನೀರು ಮಾಡಿ ಸೀಟಿಗೆ ಹಚ್ಚಿದೆ. ತೆಳು ಕಾಗದ ಆದ್ದರಿಂದ ಸೀಟಿನ ಮಡಿಕಿ ಎಲ್ಲಾ ಕಾಣ್ತಾವ. ಡಿಕ್ಕಿ ತುಂಬಾ ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ ಇರೂದರಿಂದ ಸಾಮಾನು ಸೀಟಿನ ಹಿಂದ ಇಡತಿದ್ರು. ಅಲ್ಲಿ ಎರಡು ಸಣ್ಣ ಚರ್ಮದ ಪೆಟಗಿ ಮಾಡಿ ಇಟ್ರ ಭಾಳ ಚಂದ ಕಾಣ್ತದ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಕೈಮುಗಿಯುತ್ತೇನೆ. ಎರಡು ರಾತ್ರಿ ನೆನೆಸಿದ ಮೇಲೆ ಬಣ್ಣ ಪೂರ್ತಿ ಬಿಟ್ಟಿದೆ. ಬಾನೆಟ್ ಮೇಲಿನ ಬಿರುಕು 600ರಲ್ಲಿ ಮುಕ್ಕಾಲು ಹೋಗಿದೆ, ಎಡ ಚಕ್ರದ ಹುಬ್ಬಿನ ಬುಡದಲ್ಲಿ ಮಾತ್ರ ಸ್ವಲ್ಪ ಉಳಿದಿದೆ. ಅಲ್ಲಿ ಉಜ್ಜಲು ಭಯ. ಬಾಗಿಲು ತೆರೆದೇ ಇಡುತ್ತೇನೆ ಅಂತ ನಿರ್ಧರಿಸಿದೆ. ಕ್ಲಿಯರ್ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಪಾಲಿಶ್ ಮಾಡಬೇಕು?

ಬೆಂಗಳೂರಿನಿಂದ

ಹುಬ್ಬಿನ ಬುಡದಲ್ಲಿ ಉಜ್ಜಬೇಡಿ. ಮಾಡೆಲ್ ಪುಟ್ಟಿಯನ್ನು ತೆಳ್ಳಗೆ ಮಾಡಿ ಸಣ್ಣ ಕುಂಚದಿಂದ ಆ ಬಿರುಕಿನೊಳಕ್ಕೆ ಮಾತ್ರ ಬಿಡಿ. ಒಣಗಿದ ಮೇಲೆ ಐಸ್‌ಕ್ರೀಂ ಕಡ್ಡಿಯ ತುದಿಗೆ 1000ರ ಪೇಪರ್ ಅಂಟಿಸಿ ನಾಲ್ಕು ಸಲ ಆಡಿಸಿ, ಸಾಕು. ಪ್ರೈಮರ್ ಬಿದ್ದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಉಳಿದಿದ್ದರೆ ಆಗ ತಿಳಿಯುತ್ತದೆ.

ಪಾಲಿಶ್‌ಗೆ ದಿನದ ಲೆಕ್ಕ ಹೇಳಿದರೆ ತಪ್ಪಾಗುತ್ತದೆ, ಹವೆ ನೋಡಿ ಬದಲಾಗುತ್ತದೆ. ನಾನು ಒಂದು ವಾರಕ್ಕೆ ಮೊದಲು ಮುಟ್ಟುವುದಿಲ್ಲ. ಆಮೇಲೆ ಬಾಡಿಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ. ಪೇಂಟಿನ ವಾಸನೆ ಬಂದರೆ ಡಬ್ಬ ಮತ್ತೆ ಕವುಚಿ ಇನ್ನೂ ಎರಡು ದಿನ ಬಿಡುತ್ತೇನೆ. ಅಷ್ಟರಲ್ಲಿ ನೀವು ಸೀಟು ಮುಗಿಸಿಬಿಡಿ.