ಒಂದೇ ಕೆಂಪು, ಎರಡು ಡಬ್ಬಿ: ಬಣ್ಣದ ಪುಡಿ ಹೇಗೆ ತಯಾರಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಇಳಕಲ್‌ನಲ್ಲಿ ಹತ್ತಿ ನೂಲಿಗೆ ಬಣ್ಣ ಹಾಕುವ ಸಣ್ಣ ಕೆಲಸ ನಮ್ಮದು. ತಣ್ಣೀರಿನಲ್ಲೇ ಹಿಡಿಯುವ ರಿಯಾಕ್ಟಿವ್ ಕೆಂಪು ತರಿಸುತ್ತೇವೆ. ಹೆಸರು ಒಂದೇ, ಆದರೆ ಹೊಸ ಡಬ್ಬಿಯ ಕೆಂಪು ಗಾಢ, ಹಳೇದು ಪೇಲವ. ಹಳೇದರಲ್ಲಿ ಉಪ್ಪು ಬೆರೆಸಿದ್ದಾರೆ ಅಂತಾರೆ. ಈ ಪುಡಿ ಹೇಗೆ ತಯಾರಾಗುತ್ತದೆ?

ಉತ್ತರ (ಡೈ ಕೆಮಿಸ್ಟ್, ವಟವಾ, ಅಹಮದಾಬಾದ್): ಉಪ್ಪು ಎರಡೂ ಡಬ್ಬಿಯಲ್ಲಿ ಇದ್ದೇ ಇರುತ್ತದೆ!

ಈ ಜಾತಿಯ ಬಣ್ಣವನ್ನು 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ 'ಪ್ರೋಸಿಯಾನ್' ಹೆಸರಲ್ಲಿ ಮಾರಾಟಕ್ಕೆ ತಂದಿತು. ಅದರ ಒಂದು ಪ್ರಸಿದ್ಧ ಕೆಂಪಿಗೆ ಮುಖ್ಯ ಸಾಮಾನು ಅನಿಲಿನ್, ಎಚ್ ಆಸಿಡ್, ಸಯನೂರಿಕ್ ಕ್ಲೋರೈಡ್. ಮೊದಲೆರಡು ಸೇರಿ ಬಣ್ಣ ಬರುತ್ತದೆ. ಮೂರನೆಯದು ಆ ಬಣ್ಣವನ್ನು ನೂಲಿಗೆ ಬಿಗಿಯುವ ಕೊಂಡಿ.

ಅನಿಲಿನ್‌ಗೆ ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿ, ಐಸ್ ಸುರಿದು 0ಯಿಂದ 5 ಡಿಗ್ರಿಯಲ್ಲಿ ಇಡಬೇಕು. ಅದಕ್ಕೆ ಸೋಡಿಯಂ ನೈಟ್ರೈಟ್ ನೀರನ್ನು ನಿಧಾನಕ್ಕೆ ಬಿಟ್ಟರೆ ಡಯಜೋ, ಅಂದರೆ ಎಚ್ ಆಸಿಡ್ ಜೊತೆ ಕೂಡಿ ಬಣ್ಣ ಕೊಡುವ ಅನಿಲಿನ್ ರೂಪ, ತಯಾರು. ಬಿಸಿಯೇರಿತೋ, ಅದು ಒಡೆದು ನೈಟ್ರೋಜನ್ ಹಾರಿಹೋಗಿ ಫೀನಾಲ್ ಉಳಿಯುತ್ತದೆ. ಬ್ಯಾಚ್ ಕೆಟ್ಟಂತೆ. ನೈಟ್ರೈಟ್ ಸಾಕಾಯಿತಾ ಅಂತ ನೋಡಲು ಸ್ಟಾರ್ಚ್ ಅಯೋಡೈಡ್ ಕಾಗದಕ್ಕೆ ಒಂದು ಹನಿ ಹಾಕುತ್ತೇವೆ. ತಕ್ಷಣ ನೀಲಿಯಾಗಬೇಕು. ನನಗೆ ಮೀಟರಿಗಿಂತ ಈ ಕಾಗದದ ಮೇಲೇ ನಂಬಿಕೆ ಜಾಸ್ತಿ.

ಇನ್ನೊಂದು ತೊಟ್ಟಿಯಲ್ಲಿ, ಅಷ್ಟೇ ತಣ್ಣಗೆ, ಎಚ್ ಆಸಿಡ್‌ಗೆ ಸಯನೂರಿಕ್ ಕ್ಲೋರೈಡ್ ಕೂಡಿಸಿರುತ್ತೇವೆ. ಎರಡನ್ನೂ ಬೆರೆಸಿ, ಸೋಡಾ ಹಾಕಿ ಹುಳಿ ಇಳಿಸಿದರೆ ಕೆಂಪು ಕಣ್ಣೆದುರೇ ಮೂಡುತ್ತದೆ. ಆಮೇಲೆ ಉಪ್ಪು ಸುರಿದು, ಕರಗಿದ ಬಣ್ಣವನ್ನು ತಳಕ್ಕೆ ಇಳಿಸಿ, ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ, ಜಾಸ್ತಿ ಕಾಯಿಸದೆ ಒಣಗಿಸುವುದು.

ಎಲ್ಲ ಬ್ಯಾಚೂ ಒಂದೇ ಗಾಢ ಬರುವುದಿಲ್ಲ. ಲ್ಯಾಬಿನಲ್ಲಿ ನೂಲಿಗೆ ಹಾಕಿ, ಹಳೇ ಮಾದರಿ ಪಕ್ಕ ಇಟ್ಟು ನೋಡುತ್ತೇವೆ. ಗಾಢವಿದ್ದರೆ ಸೋಡಿಯಂ ಸಲ್ಫೇಟ್ ಅಥವಾ ಉಪ್ಪು ಬೆರೆಸಿ ಅಳತೆಗೆ ತರುತ್ತೇವೆ. ಒಪ್ಪಿದ್ದಕ್ಕಿಂತ ಜಾಸ್ತಿ ಬೆರೆಸಿದರೆ ಅದು ಮೋಸ.

ಪ್ರಶ್ನೆ: ಆದ್ರೆ ಸರ್, ಹಳೇ ಡಬ್ಬಿ ಕೂಡ ತಂದ ಹೊಸತರಲ್ಲಿ ಚೆನ್ನಾಗೇ ಇತ್ತು.

ಉತ್ತರ: ಹಾಗಾದರೆ ಮಾರಿದವರನ್ನು ಸುಮ್ನೆ ಬೈಯಬೇಡಿ. ಮುಚ್ಚಳ ಸಡಿಲ ಇತ್ತಾ? ನಾನು ಹೇಳಿದ ಕೊಂಡಿ ನೀರಿನ ಜೊತೆಗೂ ಕೂಡಿಬಿಡುತ್ತದೆ, ಗಾಳಿಯ ತೇವವೇ ಸಾಕು. ಆಗಲೂ ಪುಡಿ ಕೆಂಪೇ, ಕಲಸಿದ ನೀರೂ ಕೆಂಪೇ. ನೂಲಿಗೆ ಮಾತ್ರ ಹಿಡಿಯುವುದಿಲ್ಲ.

ಎರಡೂ ಡಬ್ಬಿಯಿಂದ ಒಂದೇ ತೂಕ ತೆಗೆದು, ಒಂದೇ ಅಳತೆ ನೀರಲ್ಲಿ ಕಲಸಿ. ನೀರೇ ತಿಳಿಯಾಗಿ ಕಂಡರೆ ಬಣ್ಣ ಕಡಿಮೆ, ಉಪ್ಪು ಜಾಸ್ತಿ. ನೀರು ಒಂದೇ ಥರ ಇದ್ದು, ಸಣ್ಣ ಲಡಿಗೆ ಹಾಕಿ ಕುದಿಯುವ ಸೋಪಿನ ನೀರಲ್ಲಿ ತೊಳೆದ ಮೇಲೆ ಹಳೇದು ಪೇಲವವಾದರೆ ತೇವದ ಕೆಲಸವೇ.

ಇನ್ನೊಬ್ಬರು: ಪುಡಿ ಮೂಗಿಗೆ ಹೋದರೆ ತೊಂದರೆನಾ?

ಉತ್ತರ: ಹೌದು. ರಿಯಾಕ್ಟಿವ್ ಪುಡಿ ಉಸಿರಲ್ಲಿ ಹೋಗಿ ಕೆಲವರಿಗೆ ಅಸ್ತಮಾ ಬರುತ್ತದೆ. ಫ್ಯಾನ್ ಆರಿಸಿ, ಧೂಳು ತಡೆಯುವ ಮಾಸ್ಕ್ ಹಾಕಿ ತೂಗಿ. ಒದ್ದೆ ಚಮಚ ಮಾತ್ರ ಡಬ್ಬಿಗೆ ಹಾಕಬೇಡಿ.