ಲಿಲಿಪಾಂಡ್‌ನಲ್ಲಿ ಸಾಲು ಪುಟದ ಅಂಚು ದಾಟುತ್ತಿದೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ

ಲಿಲಿಪಾಂಡ್‌ನಲ್ಲಿ (ಆದೇಶಗಳನ್ನು ಪಠ್ಯವಾಗಿ ಬರೆದರೆ ಸಂಗೀತಲಿಪಿಯ ಪುಟ ರಚಿಸುವ ತಂತ್ರಾಂಶ) ಒಂದು ಹಾಡಿನ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಸ್ವರಲಿಪಿ, ಸಿದ್ಧಪಡಿಸುತ್ತಿದ್ದೇನೆ. ಎರಡನೆಯ ಪುಟದ ನಡುವಿನವರೆಗೆ ಎಲ್ಲವೂ ಸರಿಯಾಗಿದೆ. ಅಲ್ಲಿಂದ ಮುಂದಿನ ಸಂಗೀತವೆಲ್ಲ ಒಂದೇ ಸಾಲಾಗಿ ಬಲ ಅಂಚಿನಾಚೆ ಹೋಗಿ ಕಾಣದಾಗುತ್ತದೆ. ಬ್ರೇಕ್ ಆದೇಶವನ್ನು ಹಲವು ಕಡೆ ಸೇರಿಸಿದರೂ ಸಾಲು ಮುರಿಯುತ್ತಿಲ್ಲ. ಸಾಲದ್ದಕ್ಕೆ, ಎಲ್ಲಕ್ಕಿಂತ ಮೇಲೆ ನಾನು ಬರೆಯದ ಖಾಲಿ ಸ್ಟಾಫ್ ಒಂದು ಮೂಡಿದೆ, ಸಾಹಿತ್ಯವೂ ಸ್ವರಗಳ ಕೆಳಗೆ ಸರಿಯಾಗಿ ಕೂರುತ್ತಿಲ್ಲ. ಪುಟವಿನ್ಯಾಸದ ಯಾವ ಅಳತೆಯನ್ನು ಬದಲಿಸಬೇಕು?

ಮೊದಲ ಉತ್ತರ

ಯಾವ ಅಳತೆಯನ್ನೂ ಮುಟ್ಟಬೇಡಿ. ಇದೇ ತೊಂದರೆಗಾಗಿ ನಾನು ಅಂಚು, ಅಂತರ, ಕಾಗದದ ಗಾತ್ರಗಳನ್ನು ಎರಡು ಸಂಜೆ ತಿದ್ದುತ್ತಾ ಕುಳಿತಿದ್ದೆ; ಕೊನೆಗೆ ತಪ್ಪು ಸಿಕ್ಕಿದ್ದು ಒಂದು ಸ್ವರದ ಅವಧಿಯಲ್ಲಿ. ಲಿಲಿಪಾಂಡ್ ಸಾಮಾನ್ಯವಾಗಿ ಬಾರ್ ಲೈನ್ (ತಾಳದ ಒಂದೊಂದು ಭಾಗವಾದ ಬಾರ್‌ಗಳನ್ನು ಬೇರ್ಪಡಿಸುವ ಗೆರೆ) ಇರುವಲ್ಲಿ ಮಾತ್ರ ಸಾಲು ಮುರಿಯುತ್ತದೆ, ಅದೂ ಯಾವ ಸ್ವರವೂ ಆ ಗೆರೆಯನ್ನು ದಾಟಿ ಮುಂದುವರಿಯದಿದ್ದರೆ ಮಾತ್ರ. ಅವಧಿಯ ಅಂಕಿ ಬರೆಯದ ಸ್ವರವು ಹಿಂದಿನ ಸ್ವರದ ಅವಧಿಯನ್ನೇ ಪಡೆಯುವುದರಿಂದ, 8 (ಎಂಟನೇ ಒಂದು ಭಾಗ) ಎಂದು ಬರೆದ ಸ್ವರದ ನಂತರ 4 (ಕಾಲು ಭಾಗ) ಎಂಬ ಅಂಕಿಯನ್ನು ಮರೆತರೆ ಕಾಲು ಸ್ವರವಾಗಬೇಕಿದ್ದದ್ದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗೆ ಒಟ್ಟು ಲೆಕ್ಕ ಅರ್ಧ ಎಣಿಕೆಯಷ್ಟು ತಪ್ಪಿದರೂ ಸಾಕು, ನಂತರದ ಕಾಲು ಸ್ವರಗಳು ಪ್ರತಿ ಬಾರ್‌ನ ಗಡಿಯನ್ನೂ ದಾಟಿ ನಿಲ್ಲುತ್ತವೆ, ಮುರಿಯುವುದಕ್ಕೆ ಎಲ್ಲಿಯೂ ಅವಕಾಶವೇ ಉಳಿಯುವುದಿಲ್ಲ. ನಿಮ್ಮ ಬ್ರೇಕ್ ಆದೇಶ ಫಲಿಸದಿರುವುದಕ್ಕೂ ಕಾರಣ ಇದೇ ಇರಬೇಕು.

ಪ್ರತಿ ಬಾರ್‌ನ ಕೊನೆಗೆ ಮೂಲ ಕಡತದಲ್ಲಿ ಒಂದು ಲಂಬಗೆರೆ (|) ಹಾಕಿ. ಅದೇ ಬಾರ್ ಚೆಕ್. ಲೆಕ್ಕ ತಪ್ಪಿದ್ದರೆ ಎಷ್ಟು ತಪ್ಪಿದೆ, ಕಡತದ ಎಷ್ಟನೆಯ ಸಾಲಿನಲ್ಲಿ ಎಂಬುದನ್ನು ಲಾಗ್ (ಚಲಾಯಿಸಿದಾಗ ಬರುವ ಸಂದೇಶಗಳ ಪಟ್ಟಿ) ಹೇಳುತ್ತದೆ. ಎಚ್ಚರಿಕೆಗಳು ಸಾಲುಗಟ್ಟಿದ್ದರೆ ಮೊದಲನೆಯದನ್ನು ಮಾತ್ರ ತಿದ್ದಿ ಮತ್ತೆ ಚಲಾಯಿಸಿ, ಉಳಿದವು ಬಹುಪಾಲು ಅದರ ನೆರಳುಗಳು.

ಎರಡನೆಯ ಉತ್ತರ

ಮೇಲಿನ ಮಾತಿಗೆ ಒಂದು ಸೇರ್ಪಡೆ: ಬಾರ್‌ಗಳೇ ಇಲ್ಲದ ಕೆಡೆಂಜಾ (ತಾಳದ ಕಟ್ಟಿಲ್ಲದೆ ಮುಕ್ತವಾಗಿ ನುಡಿಸುವ) ಭಾಗದಲ್ಲಿಯೂ ಹೀಗೆಯೇ ಆಗುತ್ತದೆ, ಆದರೆ ಅಲ್ಲಿ ಅವಧಿಯ ತಪ್ಪಿರುವುದಿಲ್ಲ. ಅಂಥ ಕಡೆ ಬಾರ್ ಆದೇಶದ ಉದ್ಧರಣ ಚಿಹ್ನೆಗಳ ನಡುವೆ ಏನನ್ನೂ ಬರೆಯದೆ ಬಿಟ್ಟು, ಕಾಣದ ಬಾರ್ ಲೈನ್ ಇರಿಸಿದರೆ ಮುರಿಯಲು ಜಾಗ ಸಿಗುತ್ತದೆ.

ಖಾಲಿ ಸ್ಟಾಫ್‌ನ ವಿಷಯ ಬೇರೆ. ಸ್ಕೋರ್ ಒಳಗೆ ನ್ಯೂ ಸ್ಟಾಫ್ ಎಂದು ಬರೆಯುವ ಮೊದಲೇ ಸ್ಟಾಫ್‌ಗೆ ಸಂಬಂಧಿಸಿದ ಓವರ್‌ರೈಡ್ (ಪೂರ್ವನಿಯೋಜಿತ ರೂಪವನ್ನು ಬದಲಿಸುವ ಆದೇಶ) ಹಾಕಿರಬಹುದು. ಅದನ್ನು ಅನ್ವಯಿಸಲು ಸ್ಟಾಫ್ ಇನ್ನೂ ಹುಟ್ಟಿಲ್ಲವಾದ್ದರಿಂದ ತಂತ್ರಾಂಶ ತಾನೇ ಒಂದನ್ನು ಸೃಷ್ಟಿಸುತ್ತದೆ. ಆ ಸಾಲನ್ನು ಲೇಔಟ್‌ನ ಕಾಂಟೆಕ್ಸ್ಟ್ ಭಾಗಕ್ಕೆ ಅಥವಾ ಆಯಾ ಸ್ಟಾಫ್‌ನ ಸಂಗೀತದೊಳಕ್ಕೆ ಸರಿಸಿದರೆ ಖಾಲಿ ಸ್ಟಾಫ್ ಹೋಗುತ್ತದೆ.

ಮೂರನೆಯ ಉತ್ತರ

ಸಾಹಿತ್ಯದ ಬಗ್ಗೆ: ಪದವನ್ನು ಒಡೆಯುವ ಜೋಡಿ ಅಡ್ಡಗೆರೆಯ ಎರಡೂ ಬದಿ ಖಾಲಿ ಜಾಗ ಬಿಟ್ಟಿದ್ದೀರಾ ನೋಡಿ. ಬಿಡದಿದ್ದರೆ ಎರಡು ತುಂಡುಗಳೂ ಅಂಟಿಕೊಂಡು ಒಂದೇ ಸ್ವರದ ಕೆಳಗೆ ಕೂರುತ್ತವೆ, ಮುಂದಿನದೆಲ್ಲ ಒಂದೊಂದು ಸ್ವರ ಮುಂಚಿತವಾಗಿ ಬರುತ್ತದೆ. ಸ್ಲರ್ (ಸ್ವರಗಳನ್ನು ಜೋಡಿಸುವ ಬಾಗುಗೆರೆ) ಒಳಗಿನ ಸ್ವರಗಳಿಗೆಲ್ಲ ಸೇರಿ ಒಂದೇ ತುಂಡು ಸಲ್ಲುತ್ತದೆ ಎಂಬುದನ್ನೂ ನೆನಪಿಡಿ; ನಾನು ಸ್ಲರ್ ಮುಚ್ಚುವುದನ್ನು ಮರೆತು ಎಷ್ಟೋ ಬಾರಿ ಸಾಹಿತ್ಯವನ್ನು ದೂರಿದ್ದೇನೆ.

ಬೇರೆಯವರ ಹಳೆಯ ಕಡತದಿಂದ ತುಣುಕುಗಳನ್ನು ತಂದಿದ್ದರೆ, ಮೇಲಿನ ವರ್ಷನ್ ಸಾಲನ್ನು ಸುಮ್ಮನೆ ಹೊಸದಕ್ಕೆ ತಿದ್ದಬೇಡಿ. ಹಳೆಯ ಸಂಖ್ಯೆಯನ್ನು ಹಾಗೆಯೇ ಬಿಟ್ಟು ಕನ್ವರ್ಟ್-ಎಲ್‌ವೈ (ಹಳೆಯ ಕಡತವನ್ನು ಹೊಸ ಆವೃತ್ತಿಗೆ ಪರಿವರ್ತಿಸುವ ಉಪಕರಣ) ಚಲಾಯಿಸಿ, ಏಕೆಂದರೆ ಯಾವ ಬದಲಾವಣೆಗಳನ್ನು ಮಾಡಬೇಕೆಂದು ಅದು ನಿರ್ಧರಿಸುವುದು ಆ ಸಂಖ್ಯೆಯಿಂದಲೇ.

ನಾಲ್ಕನೆಯ ಉತ್ತರ

ನಾನು ಬಳಸುವುದು ಎಬಿಸಿ ನೊಟೇಶನ್ (ಇಂಗ್ಲಿಷ್ ಅಕ್ಷರಗಳಲ್ಲಿ ಸ್ವರ ಬರೆಯುವ ಪಠ್ಯಲಿಪಿ). ಅಲ್ಲಿ ಮೂಲ ಕಡತದ ಸಾಲು ಎಲ್ಲಿ ಮುಗಿಯುತ್ತದೆಯೋ ಸಾಮಾನ್ಯವಾಗಿ ಮುದ್ರಿತ ಸಾಲೂ ಅಲ್ಲೇ ಮುಗಿಯುತ್ತದೆ, ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಹಾಡೇ ಮುಗಿದುಹೋಗುತ್ತದೆ. ಲಿಲಿಪಾಂಡ್ ಇವೆರಡನ್ನೂ ಲೆಕ್ಕಿಸುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬರುವವರು ಮೊದಲು ಎಡವುವುದು ಇಲ್ಲಿಯೇ.

ಪ್ರಶ್ನೆ ಕೇಳಿದವರಿಂದ

ಬಾರ್ ಚೆಕ್ ಹಾಕಿದೆ. 31ನೆಯ ಬಾರ್‌ನಲ್ಲಿ 4 ಎಂಬ ಅಂಕಿ ಬಿಟ್ಟುಹೋಗಿತ್ತು. ಅದನ್ನು ಸೇರಿಸಿದೊಡನೆ ಸಾಲುಗಳು ತಾವಾಗಿಯೇ ಮುರಿದವು, ನಾನು ತುರುಕಿದ್ದ ಬ್ರೇಕ್‌ಗಳನ್ನೆಲ್ಲ ಅಳಿಸಿದ್ದೇನೆ. ಖಾಲಿ ಸ್ಟಾಫ್ ಕೂಡ ಹೋಯಿತು. ಈಗ ಕೊನೆಯ ಪುಟದಲ್ಲಿ ಒಂದೇ ಸಾಲು ಒಂಟಿಯಾಗಿ ಉಳಿದಿದೆ.

ಮೊದಲ ಉತ್ತರದವರಿಂದ

ಅಳತೆಯನ್ನು ಮುಟ್ಟುವ ಸಮಯ ಈಗ ಬಂದಿದೆ. ಪೇಪರ್ ಭಾಗದಲ್ಲಿ ಪೇಜ್-ಕೌಂಟ್ ಅನ್ನು ಒಂದು ಕಡಿಮೆ ಮಾಡಿ ನೋಡಿ. ತೀರಾ ಇಕ್ಕಟ್ಟಾದರೆ ಸ್ಟಾಫ್ ಗಾತ್ರವನ್ನು ಪೂರ್ವನಿಯೋಜಿತ 20ರಿಂದ 18ಕ್ಕೆ ಇಳಿಸಿ. ಆ ಆದೇಶವನ್ನು ಸ್ಕೋರ್ ಒಳಗಲ್ಲ, ಕಡತದ ಮೇಲ್ಮಟ್ಟದಲ್ಲಿ ಬರೆಯಬೇಕು. ಪಿಡಿಎಫ್ ಅನ್ನು ಇತರರಿಗೆ ಕಳುಹಿಸುವ ಮುನ್ನ ಪಾಯಿಂಟ್-ಅಂಡ್-ಕ್ಲಿಕ್ (ಸ್ವರವನ್ನು ಒತ್ತಿದರೆ ಮೂಲ ಕಡತದ ಆ ಜಾಗಕ್ಕೆ ಒಯ್ಯುವ) ಸೌಲಭ್ಯವನ್ನು ನಿಲ್ಲಿಸಿಬಿಡಿ, ಇಲ್ಲವಾದರೆ ನಿಮ್ಮ ಗಣಕದಲ್ಲಿ ಆ ಕಡತ ಇರುವ ಫೋಲ್ಡರ್‌ಗಳ ಹೆಸರುಗಳೂ ಅದರೊಳಗೆ ಸೇರಿ ಹೋಗುತ್ತವೆ.