ಹೊಳೆಯಲ್ಲಿ ಕೊಚ್ಚಿಹೋದ ಎಮ್ಮೆಗೆ ಪರಿಹಾರ ಸಿಗುತ್ತಾ?

ಭೀಮಾತೀರ:
ನಮಸ್ಕಾರ. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಹೊಳೆ ಬಂದಾಗ ರಾತ್ರೋರಾತ್ರಿ ನಮ್ಮ ಕೊಟ್ಟಿಗೆಗೆ ನೀರು ನುಗ್ಗಿತು. ಅಪ್ಪ ಎದೆಮಟ್ಟ ನೀರಲ್ಲಿ ಹೋಗಿ ಕುಡುಗೋಲಿನಿಂದ ಹಗ್ಗ ಕೊಯ್ದು ಬಿಟ್ಟರು. ಆದರೂ ಎರಡು ಹಾಲಿನ ಎಮ್ಮೆ, ಒಂದು ಎತ್ತು ಹೋದವು. ಒಂದು ಎಮ್ಮೆ, ಎತ್ತು ಜಾಲಿಕಂಟಿಯಲ್ಲಿ ಸಿಕ್ಕಿದ್ದವು, ಡಾಕ್ಟರ್ ಬಂದು ಪೋಸ್ಟ್‌ಮಾರ್ಟಂ ಮಾಡಿ ಕಾಗದ ಕೊಟ್ಟರು. ಇನ್ನೊಂದು ಎಮ್ಮೆ ಸಿಗಲೇ ಇಲ್ಲ. ಹೆಣ ಇಲ್ಲದೆ ಹೇಗೆ ಬರೆಯೋದು ಅಂತಾರೆ. ಏನು ಮಾಡಲಿ?

ಹಾಲಿನಕ್ಯಾನು:
ಓದಿ ಬೇಜಾರಾಯ್ತು. ಮೊದಲು ದರ ಹೇಳ್ತೀನಿ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಹಾಲಿನ ಎಮ್ಮೆ, ಹಸುವಿಗೆ 37,500 ರೂ., ಎತ್ತಿಗೆ 32,000, ಕರುವಿಗೆ 20,000. ಹಾಲಿನ ದೊಡ್ಡ ದನ ಆದರೆ ಮನೆಗೆ ಮೂರಕ್ಕೆ ಮಾತ್ರ, ಎಷ್ಟೇ ಸತ್ತಿರಲಿ. ಇನ್ನು ಸಿಗದ ಎಮ್ಮೆ ವಿಷಯ. ಅದರ ಕಿವಿಯಲ್ಲಿ ಹಳದಿ ಟ್ಯಾಗ್ ಇತ್ತಲ್ವಾ? ಆ 12 ಅಂಕಿ ನಂಬರ್ ಮೇಲೆ ನಿಮ್ಮ ಹೆಸರು, ಹಾಕಿಸಿದ ಲಸಿಕೆ ಎಲ್ಲಾ ದಾಖಲೆಯಲ್ಲಿ ಇರುತ್ತೆ. ನಮ್ಮೂರಲ್ಲಿ ಹೀಗೇ ಆದಾಗ ಟ್ಯಾಗ್ ನಂಬರ್, ಡೈರಿಗೆ ಹಾಲು ಹಾಕಿದ ಪುಸ್ತಕ, ಅಕ್ಕಪಕ್ಕದ ನಾಲ್ಕು ಜನರ ಸಹಿ ಇಟ್ಟುಕೊಂಡು ಗ್ರಾಮ ಆಡಳಿತ ಅಧಿಕಾರಿ ಹತ್ತಿರ ಮಹಜರು ಬರೆಸಿದೆವು. ತಹಶೀಲ್ದಾರ್ ಹೆಸರಿಗೆ ಅರ್ಜಿ ಬರೆದು ಸ್ವೀಕೃತಿ ತಗೊಳ್ಳಿ. ಬಾಯಿಮಾತಲ್ಲಿ ಹೇಳಿ ಸುಮ್ನೆ ಬರಬೇಡಿ.

ಕುರಿಹಟ್ಟಿ:
ಆ ಮಿತಿ ಅನ್ನೋದು ನಮ್ಮಂಥವರ ಹೊಟ್ಟೆ ಮೇಲೆ ಹೊಡೆಯುತ್ತೆ ಅಣ್ಣಾ. ಕುರಿ, ಮೇಕೆಗೆ ತಲೆಗೆ 4,000, ಮನೆಗೆ 30 ಮಾತ್ರ. ನಾವು ಮಂದೆ ಹೊಡ್ಕೊಂಡು ಬೇರೆ ತಾಲ್ಲೂಕಿಗೆ ಹೋದಾಗ ಮರದ ಕೆಳಗೆ ಸಿಡಿಲು ಬಡಿದು 41 ಕುರಿ ಒಂದೇ ಕಡೆ ಬಿದ್ದವು, ಬಾಯಲ್ಲಿ ಇನ್ನೂ ಹುಲ್ಲು ಇತ್ತು. ವಾಸನೆ ಬರುತ್ತೆ, ಬೇಗ ಹೂಳಿ ಅಂತ ಹೊಲದವರು ಅವಸರ ಮಾಡಿದರು. ಮಹಜರು ಆಗೋವರೆಗೆ ಹೂಳಬೇಡಿ, ಒಂದೊಂದರದ್ದೂ ಫೋಟೋ ತೆಗೀರಿ. ನಾವು ತೆಗೆದಿದ್ದರಿಂದಲೇ 30ಕ್ಕೆ ದುಡ್ಡು ಬಂತು. ಉಳಿದ 11 ನಮ್ಮ ಪಾಲಿಗೆ ಹೋದವು. ಸಂತೆಯಲ್ಲಿ 4,000ಕ್ಕೆ ಒಳ್ಳೆ ಕುರಿ ಎಲ್ಲಿ ಬರುತ್ತೆ ಹೇಳಿ. ದರಾನೂ ಮಿತೀನೂ ಎರಡೂ ಏರಲೇಬೇಕು, ಕುರಿ ಕಾಯೋರಿಗೆ ಬೇರೆ ಆಸ್ತಿ ಇರಲ್ಲ.

ಹಾಲಿನಕ್ಯಾನು:
ನಿಜ. ಪ್ರವಾಹದಂಥ ವಿಪತ್ತು ಅಲ್ಲದೆ ಆಕಸ್ಮಿಕವಾಗಿ ಸತ್ತರೆ ರಾಜ್ಯದ ಅನುಗ್ರಹ ಯೋಜನೆ ಇದೆ, 2025-26ರ ಬಜೆಟ್‌ನಲ್ಲಿ ಹಸು, ಎಮ್ಮೆ, ಎತ್ತಿಗೆ 15,000, ಕುರಿ, ಮೇಕೆಗೆ 7,500 ಮಾಡಿದರು. ಒಂದೇ ಸಾವಿಗೆ ಎರಡೂ ಕಡೆಯಿಂದ ಬರುತ್ತೆ ಅಂತ ಲೆಕ್ಕ ಹಾಕಬೇಡಿ.

ಮಲೆನಾಡ ಮಳೆ:
ಇನ್ನೊಂದು ಮಾತು. ಅಪ್ಪನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಈಗಲೇ ನೋಡಿ. ನಮ್ಮ ದೊಡ್ಡಪ್ಪನ ದುಡ್ಡು ಅವರು ಮರೆತೇಬಿಟ್ಟಿದ್ದ ಹಳೆ ಖಾತೆಗೆ ಹೋಗಿತ್ತು. ಬಂದಿಲ್ಲ ಅಂತ ಆರು ತಿಂಗಳು ಅಲೆದರು, ಪಾಪ.

ಭೀಮಾತೀರ:
ಎಲ್ಲರಿಗೂ ಧನ್ಯವಾದ. ಟ್ರಂಕ್ ತಡಕಾಡಿದೆ. ಲಸಿಕೆ ಕಾರ್ಡ್ ನೆಂದು ಮೆತ್ತಗಾಗಿದೆ, ಆದರೆ ಎಮ್ಮೆಯ ನಂಬರ್ ಓದೋಕೆ ಬರುತ್ತೆ. ಬಿಸಿಲಿಗೆ ಒಣಗಿಸಿ ಫೋಟೋ ತೆಗೆದಿಟ್ಟೆ. ಡೈರಿ ಪುಸ್ತಕಾನೂ ಸಿಕ್ಕಿತು. ಸೋಮವಾರ ಅಪ್ಪನ್ನ ಕರ್ಕೊಂಡು ಹೋಗ್ತೀನಿ.